ವಿದೇಶೀ ಮಾರುಕಟ್ಟೆಯ ಅರ್ಹತಾ ಮುದ್ರೆ: ಒಂದು ಚಿಂತನೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು ಗಡಿನಾಡಿನ ಕನ್ನಡದ ಸ್ಥಿತಿಗತಿಯನ್ನೋ ಶಾಲೆಯನ್ನು ಕಟ್ಟಿದ ಹಿರಿಯರ ಗುಣಗಾನವನ್ನೋ ಬರೆದೇನೆಂದು ಅವರು ನಿರೀಕ್ಷಿಸಿದ್ದಿರಬಹುದು. ಆ ಎರಡನ್ನೂ ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿಯೇ ಬರೆಯುತ್ತಿದ್ದಾರೆ. ನಾನು ಆರಿಸಿಕೊಂಡ ವಿಷಯ ಮೇಲ್ನೋಟಕ್ಕೆ ಶಾಲೆಗೆ ದೂರವಾದುದು. ನಿಸ್ತಂತು ಸಾಧನಗಳನ್ನೂ ಇತರ ವಿದ್ಯುನ್ಮಾನ ಸರಕುಗಳನ್ನೂ ಪರದೇಶದಲ್ಲಿ ಮಾರಬೇಕಾದರೆ ಆಯಾ ದೇಶದ ಕಾನೂನಿನಂತೆ ಗಳಿಸಬೇಕಾದ ಅರ್ಹತೆಯ ವಿಚಾರ ಅದು.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಮೇಷ್ಟ್ರಿಗೆ ಈ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಕಾರಣ ನಮ್ಮ ಹೊಸೂರು ಸೀಮೆಯೇ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆದಾಗ ನಮ್ಮ ಹುಡುಗರು ಲಾರಿ, ಮೊಪೆಡ್ಡುಗಳ ಕಾರ್ಖಾನೆಗಳಿಗೆ ಹೋದರು. ಇಂದು ಕೆಲಮಂಗಲದ ಕಡೆಗೆ ಹೊರಟ ಕಂಪನಿ ಬಸ್ಸುಗಳಲ್ಲಿ ಕುಳಿತಿರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅವರು ಮಾಡುವ ಕೆಲಸ ಮೊಬೈಲ್ ದೂರವಾಣಿಯ ಭಾಗಗಳದು. ಟಾಟಾ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಇಲ್ಲಿನ ಘಟಕದಲ್ಲಿ ಐಫೋನಿನ ಹೊರಕವಚಗಳು ಸಿದ್ಧವಾಗುತ್ತವೆ. ಕೋಲಾರ ಜಿಲ್ಲೆಯ ನರಸಾಪುರದ ಜೋಡಣಾ ಘಟಕವನ್ನೂ ಅದೇ ಸಂಸ್ಥೆ 2023ರಲ್ಲಿ ಕೊಂಡುಕೊಂಡಿತು. ಹೀಗೆ ಅಮೆರಿಕ, ಯುರೋಪುಗಳ ಗ್ರಾಹಕರ ಕೈಸೇರುವ ವಸ್ತುವಿನ ಹಿಂದೆ ನಮ್ಮ ಮಕ್ಕಳ ದುಡಿಮೆಯಿದೆ. ಆದರೆ ಆ ವಸ್ತು ಅಲ್ಲಿನ ಪೇಟೆಯನ್ನು ಯಾವ ಬಾಗಿಲಿನಿಂದ ಪ್ರವೇಶಿಸುತ್ತದೆ ಎಂಬುದನ್ನು ನಮ್ಮಲ್ಲಿ ತಿಳಿದವರು ವಿರಳ. ತಿಳಿಯದವರು ಆಡುವ ಮಾತು ಒಂದೇ: "ಅದೆಲ್ಲಾ ಬಿಳಿಯರು ನಮ್ಮನ್ನು ತಡೆಯಲು ಹೂಡಿರುವ ಹೂಟ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ನಿಯಮಗಳು ಬಹುಮಟ್ಟಿಗೆ ನ್ಯಾಯವಾದವು. ಅನ್ಯಾಯವಿರುವುದು ಪರೀಕ್ಷೆಯ ಪಠ್ಯದಲ್ಲಲ್ಲ. ಪರೀಕ್ಷಾ ಮಂದಿರ ಎಷ್ಟು ದೂರವಿದೆ, ಶುಲ್ಕವೆಷ್ಟು, ಒಂದು ಕಡೆ ಉತ್ತೀರ್ಣನಾದವನನ್ನು ಇನ್ನೊಂದು ಕಡೆ ಮತ್ತೆ ಏಕೆ ಕೂರಿಸುತ್ತಾರೆ ಎಂಬುದರಲ್ಲಿ.

ನನ್ನ ಬಾಲ್ಯದಲ್ಲಿ ಊರಿಗೆ ಒಂದೆರಡು ರೇಡಿಯೋಗಳಿದ್ದವು. ಅದನ್ನು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಒತ್ತಿಸಬೇಕಾಗಿತ್ತು. ಬರಿದೇ ಕೇಳುವ ಯಂತ್ರಕ್ಕೂ ಪರವಾನಗಿ! ಎಂಬತ್ತರ ದಶಕದಲ್ಲಿ ಆ ಪದ್ಧತಿ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಕೇಳುವ ಯಂತ್ರ ಬೇರೆ, ಮಾತನಾಡುವ ಯಂತ್ರ ಬೇರೆ. ಮನೆಯ ಮಾಳಿಗೆಯ ಮೇಲೆ ಆಂಟೆನಾವನ್ನು ಬೆಂಗಳೂರಿನ ದಿಕ್ಕಿಗೆ ತಿರುಗಿಸಿ ದೂರದರ್ಶನದಲ್ಲಿ ಮಹಾಭಾರತ ನೋಡುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಬೀದಿಯಲ್ಲಿ ಒಂದು ಮೊಪೆಡ್ ಹಾದುಹೋದರೆ ಸಾಕು, ಭೀಷ್ಮ ದ್ರೋಣರ ಮುಖದ ಮೇಲೆಲ್ಲಾ ಚುಕ್ಕೆ ಚುಕ್ಕೆ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ ಧ್ವನಿಯೇ ಗೊರಗೊರ. ಮೊಪೆಡ್ಡಿನವನಿಗೆ ನಮ್ಮ ಮೇಲೆ ಹಗೆತನವೇನೂ ಇರಲಿಲ್ಲ. ಅವನ ಗಾಡಿಯ ಕಿಡಿಯೂ ಒಂದು ರೇಡಿಯೋ ಅಲೆಯನ್ನು ಹೊರಡಿಸುತ್ತಿತ್ತು, ಅಷ್ಟೇ. ಆಕಾಶವೆಂಬುದು ಎಲ್ಲರೂ ಬಳಸುವ ಊರ ಕೆರೆಯಂತೆ. ಒಬ್ಬನು ಕಲಕಿದರೆ ಉಳಿದವರೆಲ್ಲರೂ ಕದಡಿದ ನೀರನ್ನೇ ಕುಡಿಯಬೇಕು. ಈ ಕೆರೆಗೆ ಕಾವಲು ಬೇಕೇ ಬೇಕು.

ಅಮೆರಿಕದಲ್ಲಿ ಆ ಕಾವಲು 1934ರ ಸಂವಹನ ಕಾಯಿದೆಯ ಮೂಲಕ ಸ್ಥಾಪಿತವಾದ ಎಫ್.ಸಿ.ಸಿ. ಎಂಬ ಆಯೋಗದ್ದು. ಅಲ್ಪಶಕ್ತಿಯ ಸಾಧನಗಳನ್ನು ಪರವಾನಗಿಯಿಲ್ಲದೆ ಬಳಸಬಹುದೆಂದು ಆ ಆಯೋಗ 1938ರಲ್ಲಿಯೇ ಅವಕಾಶ ಮಾಡಿಕೊಟ್ಟಿತು. ಅದೇ ಮುಂದೆ ನಿಯಮಾವಳಿಯ 15ನೆಯ ಭಾಗವಾಗಿ ಬೆಳೆಯಿತು. 1970ರ ದಶಕದ ಕೊನೆಗೆ ಮನೆಬಳಕೆಯ ಕಂಪ್ಯೂಟರುಗಳು ಬಂದಾಗ ನಮ್ಮ ಮೊಪೆಡ್ಡಿನ ಕಥೆಯೇ ಅಲ್ಲಿಯೂ ನಡೆಯಿತು. ಒಂದು ಮನೆಯ ಕಂಪ್ಯೂಟರ್ ನೆರೆಮನೆಯ ಟೆಲಿವಿಷನ್ನನ್ನು ಕೆಡಿಸತೊಡಗಿತು. ಆಗ 1979ರಲ್ಲಿ ಆಯೋಗ ಕಂಪ್ಯೂಟರುಗಳಿಗೂ ಮಿತಿಯನ್ನು ವಿಧಿಸಿತು. ಕಚೇರಿಗಳಿಗೆ ಒಂದು ವರ್ಗ, ಮನೆಗಳಿಗೆ ಇನ್ನೂ ಬಿಗಿಯಾದ ಮತ್ತೊಂದು ವರ್ಗ. ಕಂಪ್ಯೂಟರ್ ರೇಡಿಯೋ ಅಲ್ಲವಲ್ಲ ಎಂದು ಯಾರೂ ವಾದಿಸಿ ತಪ್ಪಿಸಿಕೊಳ್ಳುವಂತಿಲ್ಲ. ಬೇಕೆಂದೇ ಅಲೆ ಹೊರಡಿಸುವವನಿಗೂ ಅರಿಯದೆ ಹೊರಡಿಸುವವನಿಗೂ ನಿಯಮವುಂಟು.

ಇಷ್ಟು ಬಿಗಿಯಿದ್ದ ಆಯೋಗವೇ 1985ರಲ್ಲಿ ಮೂರು ತರಂಗಪಟ್ಟಿಗಳನ್ನು ಹೊಸ ಬಗೆಯ ಪ್ರಸಾರಕ್ಕೆ ಪರವಾನಗಿಯಿಲ್ಲದೆ ತೆರೆದಿಟ್ಟಿತು. ಇಂದಿನ ವೈ-ಫೈ ಬೆಳೆದದ್ದು ಆ ಬಯಲಿನಲ್ಲಿಯೇ. ನಿಯಮವೆಂದರೆ ತಡೆ ಮಾತ್ರವೆಂದು ತಿಳಿದವರು ಇದನ್ನು ಗಮನಿಸಬೇಕು.

ಆ 15ನೆಯ ಭಾಗದ ಸಾಧನಗಳ ಮೇಲೆ ಅಥವಾ ಅವುಗಳ ಕೈಪಿಡಿಯಲ್ಲಿ ಎರಡು ಷರತ್ತುಗಳನ್ನು ಮುದ್ರಿಸುವುದು ಕಡ್ಡಾಯ. ಮೊದಲನೆಯದು, ಈ ಸಾಧನ ಇತರರಿಗೆ ಹಾನಿಕರವಾದ ಅಡಚಣೆ ಮಾಡಬಾರದು. ಎರಡನೆಯದು, ಇತರರಿಂದ ಬರುವ ಅಡಚಣೆಯನ್ನು ತಾನು ಸಹಿಸಿಕೊಳ್ಳಬೇಕು, ಅದರಿಂದ ತನ್ನ ಕೆಲಸವೇ ಕೆಟ್ಟರೂ ಸಹ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ನೀತಿಪಾಠ ಹೇಳಿದ ನನಗೆ ಇವೆರಡು ವಾಕ್ಯಗಳನ್ನು ಓದಿ ಬೆರಗಾಯಿತು. ಶುಲ್ಕ ಕೊಟ್ಟು ಪರವಾನಗಿ ಪಡೆದವನಿಗೆ ಮನೆಯ ಹಕ್ಕು. ಪರವಾನಗಿಯಿಲ್ಲದೆ ಬಳಸುವವನಿಗೆ ಜಗಲಿಯ ಹಕ್ಕು. ಜಗಲಿಯಲ್ಲಿ ಕುಳಿತವನು ಗದ್ದಲ ಮಾಡಕೂಡದು, ಒಳಗಿನ ಗದ್ದಲಕ್ಕೆ ಮುನಿಯಲೂ ಕೂಡದು.

ಪರೀಕ್ಷೆ ನಡೆಯುವ ಬಗೆಯೂ ಸ್ವಾರಸ್ಯವಾದುದು. ಹೊರಗಿನ ಅಲೆ ಒಳಬಾರದಂತೆ ಲೋಹದಿಂದ ಮುಚ್ಚಿದ ಕೋಣೆ. ಒಳಗೋಡೆಗಳ ತುಂಬ ಅಲೆಗಳನ್ನು ಹೀರುವ ಮೊನಚಾದ ಕರಿಯ ಗೋಪುರಗಳು. ನಡುವೆ ತಿರುಗುವ ಮೇಜಿನ ಮೇಲೆ ಸಾಧನ. ಅದರಿಂದ ಮೂರು ಮೀಟರ್ ದೂರದಲ್ಲಿ ಆಂಟೆನಾವನ್ನು ಒಂದರಿಂದ ನಾಲ್ಕು ಮೀಟರ್ ಎತ್ತರದವರೆಗೆ ಏರಿಸಿ ಇಳಿಸಿ, ಮೇಜನ್ನು ಸುತ್ತಲೂ ತಿರುಗಿಸಿ, ಯಾವ ದಿಕ್ಕಿನಲ್ಲಿ ಅದು ಅತಿ ಹೆಚ್ಚು ಗದ್ದಲ ಮಾಡುತ್ತದೆಯೋ ಅದನ್ನೇ ಬರೆದುಕೊಳ್ಳುತ್ತಾರೆ. ಮನೆಬಳಕೆಯ ಕಂಪ್ಯೂಟರಿನಂತಹ ಯಂತ್ರ 30ರಿಂದ 88 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ ಆ ದೂರದಲ್ಲಿ ಮೀಟರಿಗೆ 100 ಮೈಕ್ರೋವೋಲ್ಟ್ ದಾಟಬಾರದು. ಅಭ್ಯರ್ಥಿಯ ಅತ್ಯುತ್ತಮ ಉತ್ತರವನ್ನಲ್ಲದೆ ಅತಿ ಕೆಟ್ಟ ಉತ್ತರವನ್ನು ಹುಡುಕಿ ಅಂಕ ಕೊಡುವ ಪರೀಕ್ಷೆ ಇದು!

ಇನ್ನು, ಇಲ್ಲಿ ಸರಿಯಾದದ್ದು ಅಲ್ಲಿ ಏಕೆ ಸರಿಯಲ್ಲ ಎಂಬ ಪ್ರಶ್ನೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಗುಲಾಬಿ ಬೆಳೆಯುವ ಪಾಲಿಹೌಸುಗಳ ಉಷ್ಣಾಂಶ, ತೇವಾಂಶಗಳನ್ನು ಅಳೆದು ನಿಸ್ತಂತುವಾಗಿ ತಿಳಿಸುವ ಒಂದು ಪುಟ್ಟ ಪೆಟ್ಟಿಗೆಯನ್ನು ಮಾಡಿದ್ದಾನೆ. ಹೊಸೂರಿನ ಗುಲಾಬಿಯ ಜೊತೆಗೆ ಹೆಸರು ದೂರ ಹೋಗಿ, ಹಾಲೆಂಡಿನಿಂದಲೂ ಅಮೆರಿಕದಿಂದಲೂ ವಿಚಾರಣೆ ಬಂದಿತಂತೆ. ಅವನ ಪೆಟ್ಟಿಗೆ ಮಾತನಾಡುವುದು 865ರಿಂದ 867 ಮೆಗಾಹರ್ಟ್ಸ್ ಕಂಪನಾಂಕದಲ್ಲಿ. ನಮ್ಮ ದೇಶದಲ್ಲಿ ಆ ಪಟ್ಟಿ 2005ರಿಂದ ಪರವಾನಗಿಮುಕ್ತ. ಪ್ರೇಷಕದ ಶಕ್ತಿ ಒಂದು ವ್ಯಾಟ್ ವರೆಗೆ ಇರಬಹುದು. ಅಮೆರಿಕದಲ್ಲಿ ಆ ಪಟ್ಟಿ ಪರವಾನಗಿ ಪಡೆದವರ ಸ್ವತ್ತು. ಅಲ್ಲಿನ ಬಯಲು ಇರುವುದು 902ರಿಂದ 928ರ ನಡುವೆ. ಅಮೆರಿಕದವರ ಪೆಟ್ಟಿಗೆಯನ್ನು ಹಾಗೆಯೇ ಇಲ್ಲಿಗೆ ತಂದರೆ ಅದು ನಮ್ಮ ಮೊಬೈಲ್ ದೂರವಾಣಿಗಳ ಕಂಪನಾಂಕದ ಮೇಲೆ ಕೂಗುತ್ತದೆ. ಯುರೋಪಿನಲ್ಲಿ ನಮ್ಮ ಕಂಪನಾಂಕ ಸಲ್ಲುತ್ತದೆ, ಆದರೆ ಸಾಮಾನ್ಯ ಬಳಕೆಯ ಪುಟ್ಟ ಸಾಧನಗಳಿಗೆ ಶಕ್ತಿ 25 ಮಿಲಿವ್ಯಾಟ್ ಮಾತ್ರ. ಅಂದರೆ ನಮ್ಮ ಒಂದು ವ್ಯಾಟಿನ ನಲವತ್ತನೆಯ ಒಂದು ಪಾಲು. ಅದರ ಮೇಲೆ, ಗಂಟೆಯ ಶೇಕಡಾ ಒಂದರಷ್ಟು ಹೊತ್ತು, ಎಂದರೆ 36 ಸೆಕೆಂಡು ಮಾತ್ರ ಮಾತನಾಡಬೇಕೆಂಬ ಕಟ್ಟಳೆ. ಪ್ರತಿಯೊಂದು ದೇಶವೂ ತನ್ನ ಆಕಾಶವನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರಿಗೆ ಹಂಚಿಕೊಟ್ಟಿದೆ. ಹೊಲದ ಗಡಿಕಲ್ಲುಗಳು ಎಲ್ಲಾ ಊರುಗಳಲ್ಲಿ ಒಂದೇ ಕಡೆ ಇರಲು ಹೇಗೆ ಸಾಧ್ಯ? ಇದರಲ್ಲಿ ಬಿಳಿಯರ ಹೂಟವನ್ನು ಕಾಣುವುದು ಸರಿಯಲ್ಲ.

ಆ ವಿದ್ಯಾರ್ಥಿ ಒಂದು ದಿನ ಒಂದು ಪ್ರಮಾಣಪತ್ರವನ್ನು ಹಿಡಿದು ನನ್ನಲ್ಲಿಗೆ ಬಂದನು. ಬಂಗಾರದ ಅಂಚು, ನಾಲ್ಕು ಮುದ್ರೆ, ನಡುವೆ ದಪ್ಪಗೆ ಸಿ.ಇ. ಎಂಬ ಅಕ್ಷರಗಳು. "ಮೇಷ್ಟ್ರೇ, ಏಜೆಂಟರಿಗೆ ದುಡ್ಡು ಕೊಟ್ಟು ವಾರದಲ್ಲಿ ಮಾಡಿಸಿಕೊಂಡೆ. ಪೆಟ್ಟಿಗೆಯನ್ನು ಅವರು ಕೇಳಲೂ ಇಲ್ಲ" ಎಂದನು. ಪೆಟ್ಟಿಗೆಯನ್ನು ನೋಡದೆ ಕೊಟ್ಟ ಪ್ರಮಾಣಪತ್ರವೆಂದರೆ ಉತ್ತರಪತ್ರಿಕೆ ನೋಡದೆ ಕೊಟ್ಟ ಅಂಕಪಟ್ಟಿ. ನನ್ನ ಮನಸ್ಸಿಗೆ ಬೇಸರವಾದದ್ದು ಅವನು ಹಣ ಕಳೆದುಕೊಂಡದ್ದಕ್ಕಿಂತ, ಕಾನೂನು ಅವನಿಂದ ಆ ಕಾಗದವನ್ನು ಕೇಳಿಯೇ ಇರಲಿಲ್ಲ ಎಂಬುದಕ್ಕೆ.

ಯುರೋಪ್ ಒಕ್ಕೂಟದ ಪದ್ಧತಿಯನ್ನು ಇಲ್ಲಿ ವಿವರಿಸಬೇಕು. ಅಲ್ಲಿ ರೇಡಿಯೋ ಸಾಧನಗಳಿಗೆ 2014ರ 53ನೆಯ ಸಂಖ್ಯೆಯ ನಿರ್ದೇಶನ ಅನ್ವಯಿಸುತ್ತದೆ. ಅದು 2016ರ ಜೂನ್ 13ರಿಂದ ಜಾರಿಗೆ ಬಂದಿತು. ಅದರ ಪ್ರಕಾರ, ಒಕ್ಕೂಟ ಅಂಗೀಕರಿಸಿದ ತಾಂತ್ರಿಕ ಮಾನಕಗಳನ್ನು ಪೂರ್ಣವಾಗಿ ಅನುಸರಿಸಿದ ತಯಾರಕ ಯಾವ ಸಂಸ್ಥೆಯ ಪ್ರಮಾಣಪತ್ರವೂ ಇಲ್ಲದೆ, ತನ್ನ ಸಾಧನ ನಿಯಮಬದ್ಧವೆಂದು ತಾನೇ ಘೋಷಿಸಿ ಸಹಿ ಹಾಕಿ ಸಿ.ಇ. ಗುರುತನ್ನು ಹಾಕಬಹುದು. ಮಾನಕವಿಲ್ಲದ ಹೊಸ ವಿಷಯವಿದ್ದರೆ ಮಾತ್ರ ಸರ್ಕಾರಗಳು ಅಧಿಸೂಚಿಸಿದ ಸಂಸ್ಥೆಯ ಬಳಿಗೆ ಹೋಗಬೇಕು. ಪರೀಕ್ಷೆಯ ವರದಿ, ನಕ್ಷೆ, ಅಪಾಯಗಳ ವಿಶ್ಲೇಷಣೆ ಇವನ್ನೆಲ್ಲಾ ಕೂಡಿದ ತಾಂತ್ರಿಕ ಕಡತವನ್ನು ಹತ್ತು ವರ್ಷ ಕಾಪಾಡಿ, ಕೇಳಿದಾಗ ತೋರಿಸಬೇಕು. ಸಾಧನದ ಮೇಲೆ ತಯಾರಕನ ಹೆಸರು, ಅಂಚೆ ವಿಳಾಸ ಇರಬೇಕು. ಆಮದುದಾರನದೂ ಇರಬೇಕು. ಏಜೆಂಟರ ಬಂಗಾರದ ಅಂಚಿಗೆ ಈ ಪಟ್ಟಿಯಲ್ಲಿ ಎಲ್ಲಿಯೂ ಸ್ಥಾನವಿಲ್ಲ.

ಪರೀಕ್ಷಾರ್ಥಿಯೇ ತನ್ನ ಉತ್ತರಪತ್ರಿಕೆಯನ್ನು ತಿದ್ದಿಕೊಳ್ಳುವ ಈ ಪದ್ಧತಿಯನ್ನು ಮೇಷ್ಟ್ರಾದವರು ಒಪ್ಪುವುದು ಕಷ್ಟ. ಆದರೂ ನಾನು ಇದರ ಪಕ್ಷದವನೇ. ನಂಬಿ ಬಿಟ್ಟು, ಆಮೇಲೆ ಅನಿರೀಕ್ಷಿತವಾಗಿ ಬಂದು ತಪಾಸಣೆ ಮಾಡುವುದು, ಮೊದಲೇ ಸಾವಿರ ಜನರನ್ನು ಬಾಗಿಲಲ್ಲಿ ಸಾಲು ನಿಲ್ಲಿಸುವುದಕ್ಕಿಂತ ಮೇಲು. ಆದರೆ ಆ ತಪಾಸಣೆ ನಿಜವಾಗಿ ನಡೆಯಬೇಕು, ದೊಡ್ಡವರ ಮೇಲೂ ನಡೆಯಬೇಕು. ಫ್ರಾನ್ಸಿನಲ್ಲಿ ನಡೆದಿದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ತರಂಗಾಂತರ ಸಂಸ್ಥೆ ಐಫೋನ್ 12ರ ಮಾರಾಟವನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿತು. ಕೈಯಲ್ಲಿ ಹಿಡಿದಾಗ ಅಥವಾ ಜೇಬಿನಲ್ಲಿಟ್ಟಾಗ ದೇಹ ಹೀರುವ ರೇಡಿಯೋ ಶಕ್ತಿಗೆ ಯುರೋಪಿನ ಮಿತಿ ಕಿಲೋಗ್ರಾಮಿಗೆ 4 ವ್ಯಾಟ್; ಫ್ರಾನ್ಸಿನ ಅಳತೆಯಲ್ಲಿ 5.74 ಬಂದಿತ್ತು. ಆ ಮಾದರಿ ಪೇಟೆಗೆ ಬಂದು ಆಗಲೇ ಮೂರು ವರ್ಷ. ಇದು ಫ್ರಾನ್ಸಿನ ಪರೀಕ್ಷಾ ವಿಧಾನದ ವಿಚಾರವೇ ಹೊರತು ಸುರಕ್ಷತೆಯ ಪ್ರಶ್ನೆಯಲ್ಲವೆಂದು ಕಂಪನಿ ವಾದಿಸಿತಾದರೂ ತಂತ್ರಾಂಶವನ್ನು ತಿದ್ದಿ ಕೊಟ್ಟಿತು. ಪ್ರಪಂಚದ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದನ್ನು ಹೀಗೆ ಮರುಪರೀಕ್ಷೆಗೆ ಕೂರಿಸಬಲ್ಲ ವ್ಯವಸ್ಥೆಯಿದ್ದಾಗ ಸ್ವಯಂಘೋಷಣೆಗೆ ಅರ್ಥವಿರುತ್ತದೆ.

ಸಿ.ಇ. ಎಂದರೆ ಚೀನಾದ ರಫ್ತು ಎಂದು ಅರ್ಥವೆಂಬ ಒಂದು ಮಾತು ನಮ್ಮ ಕಡೆ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತದೆ. ಅಕ್ಷರಗಳ ನಡುವಿನ ಅಂತರ ಕಡಿಮೆಯಿದ್ದರೆ ಚೀನಾದ್ದಂತೆ, ಹೆಚ್ಚಿದ್ದರೆ ಯುರೋಪಿನದಂತೆ. ಅಂತಹ ಚೀನೀ ಗುರುತು ಇರುವುದು ತನಗೆ ತಿಳಿದಿಲ್ಲವೆಂದು ಯುರೋಪಿನ ಆಯೋಗವೇ 2008ರಲ್ಲಿ ಸ್ಪಷ್ಟಪಡಿಸಿದೆ. ಅಂತರ ತಪ್ಪಿದ ಗುರುತೆಂದರೆ ಅಳತೆ ತಪ್ಪಿದ ಗುರುತು, ಇಲ್ಲವೇ ಕಳ್ಳಗುರುತು. ಮತ್ತು ಆ ಗುರುತು ಗುಣಮಟ್ಟದ ಪದಕವೂ ಅಲ್ಲ. ವಸ್ತು ಚೆನ್ನಾಗಿ ಬಾಳಿಕೆ ಬರುತ್ತದೆಂದು ಅದು ಹೇಳುವುದಿಲ್ಲ. ಕಾನೂನಿನ ಕನಿಷ್ಠ ಷರತ್ತುಗಳನ್ನು ಪೂರೈಸಿದ್ದೇನೆಂಬ ತಯಾರಕನ ಮಾತು ಅದು, ಅಷ್ಟೇ.

ಆ ಕನಿಷ್ಠವೂ ಬೆಳೆಯುತ್ತಿರುತ್ತದೆ. ಅಂತರಜಾಲಕ್ಕೆ ಸೇರುವ ರೇಡಿಯೋ ಸಾಧನಗಳು ಜಾಲಕ್ಕೆ ಹಾನಿ ಮಾಡದಂತೆ, ಬಳಕೆದಾರರ ಖಾಸಗಿ ಮಾಹಿತಿ ಸೋರದಂತೆ ರಚಿತವಾಗಿರಬೇಕೆಂಬ ಷರತ್ತು ಯುರೋಪಿನಲ್ಲಿ 2025ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ದೂರವಾಣಿಗಳಿಗೆ ಒಂದೇ ಬಗೆಯ ಚಾರ್ಜರ್ ಕಿಂಡಿ ಇರಬೇಕೆಂಬುದು 2024ರ ಡಿಸೆಂಬರ್ 28ರಿಂದ. ಒಮ್ಮೆ ಉತ್ತೀರ್ಣನಾದ ಮೇಲೆ ಪುಸ್ತಕ ಕಟ್ಟಿಡುವಂತಿಲ್ಲ.

ಅಮೆರಿಕದ ಪದ್ಧತಿ ಇದಕ್ಕಿಂತ ಭಿನ್ನ. ಬೇಕೆಂದೇ ರೇಡಿಯೋ ಅಲೆ ಹೊರಡಿಸುವ ಸಾಧನಕ್ಕೆ ಅಲ್ಲಿ ಸ್ವಯಂಘೋಷಣೆ ಸಾಮಾನ್ಯವಾಗಿ ಸಾಲದು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಿ, ಆಯೋಗ ನಿಯಮಿಸಿದ ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆ ದೊರೆತು, ಎಫ್.ಸಿ.ಸಿ. ಗುರುತಿನ ಸಂಖ್ಯೆ ಸಿಗಬೇಕು. ಅದರ ಮೊದಲ ಮೂರು ಅಥವಾ ಐದು ಅಕ್ಷರಗಳು ತಯಾರಕನ ಸಂಕೇತ. ಐಫೋನುಗಳ ಸಂಖ್ಯೆ ಬಿ.ಸಿ.ಜಿ. ಎಂದು ಆರಂಭವಾಗುವುದು ಆಪಲ್ ಸಂಸ್ಥೆಯ ಸಂಕೇತದಿಂದ. 2014ರ ಒಂದು ಕಾನೂನಿನಿಂದಾಗಿ ಪರದೆಯುಳ್ಳ ಸಾಧನಗಳು ಈ ಗುರುತನ್ನು ಬೆನ್ನಿನ ಮೇಲೆ ಕೆತ್ತದೆ ಪರದೆಯ ಮೇಲೆಯೇ ತೋರಿಸಬಹುದು. ಆದ್ದರಿಂದ ದೂರವಾಣಿಯ ಬೆನ್ನಿನಲ್ಲಿ ಕಾಣದವರು ಸೆಟ್ಟಿಂಗ್ಸ್ ತೆರೆದು ನೋಡಬೇಕು.

ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದುದು ಅದರ ಬಯಲುತನ. ಆ ಸಂಖ್ಯೆಯನ್ನು ಹಿಡಿದು ಆಯೋಗದ ದಾಖಲೆಯಲ್ಲಿ ಹುಡುಕಿದರೆ ಪರೀಕ್ಷೆಯ ವರದಿ ಸಿಗುತ್ತದೆ. ಬಹಳಷ್ಟು ಸಾಧನಗಳಿಗೆ ಒಳಭಾಗದ ಛಾಯಾಚಿತ್ರಗಳೂ ಸಿಗುತ್ತವೆ. ವ್ಯಾಪಾರ ರಹಸ್ಯದ ಕಾರಣಕ್ಕೆ ಕೆಲವನ್ನು ಮುಚ್ಚಿಡಲು ಅವಕಾಶವಿದೆಯಾದರೂ ಉಳಿದದ್ದು ಜಗತ್ತಿನ ಯಾರ ಕಣ್ಣಿಗಾದರೂ ತೆರೆದಿದೆ. ಒಂದು ಪರೀಕ್ಷಾ ಮಂಡಳಿ ಉತ್ತೀರ್ಣರಾದ ಎಲ್ಲರ ಉತ್ತರಪತ್ರಿಕೆಗಳನ್ನೂ ಸಾರ್ವಜನಿಕ ಗ್ರಂಥಾಲಯದಲ್ಲಿ ಇಟ್ಟಂತೆ ಇದು. ಹೊಸೂರಿನಲ್ಲಿ ಕುಳಿತ ಹುಡುಗ ಇದನ್ನು ಓದಿ ಕಲಿಯುವುದಕ್ಕೆ ಶುಲ್ಕವಿಲ್ಲ, ಅನುಮತಿಯೂ ಬೇಕಿಲ್ಲ.

ನಮ್ಮ ಪೆಟ್ಟಿಗೆಯ ಹುಡುಗನಿಗೆ ದಾರಿ ತೋರಿದ್ದೂ ಅಂತಹ ಓದೇ. ಪೆಟ್ಟಿಗೆಯೊಳಗಿನ ರೇಡಿಯೋ ಭಾಗವನ್ನು ತಾನೇ ರಚಿಸುವ ಬದಲು, ಮೊದಲೇ ಅಮೆರಿಕದ ಒಪ್ಪಿಗೆ ಪಡೆದ ಸಿದ್ಧ ಮಾಡ್ಯೂಲನ್ನು ಕೊಂಡು ಜೋಡಿಸಿದರೆ ದುಬಾರಿಯಾದ ಪ್ರೇಷಕ ಪರೀಕ್ಷೆಯ ಬಹುಭಾಗವನ್ನು ಮತ್ತೆ ಮಾಡಿಸಬೇಕಾಗಿಲ್ಲ. ಇಂತಹ ಸಂಖ್ಯೆಯ ಮಾಡ್ಯೂಲ್ ಒಳಗಿದೆ ಎಂದು ಹೊರಗೆ ಬರೆದು, ಉಳಿದ ವಿದ್ಯುನ್ಮಾನ ಭಾಗಕ್ಕೆ ಸ್ವಯಂಘೋಷಣೆ ಮಾಡಿ, ಅಮೆರಿಕದಲ್ಲಿ ಜವಾಬ್ದಾರಿ ಹೊರುವ ಒಬ್ಬ ವ್ಯಕ್ತಿಯನ್ನೋ ಸಂಸ್ಥೆಯನ್ನೋ ಗೊತ್ತುಮಾಡಬೇಕು. ಒಂದು ಎಚ್ಚರ: ಮಾಡ್ಯೂಲನ್ನು ಯಾವ ಬಗೆಯ ಆಂಟೆನಾದೊಡನೆ ಪರೀಕ್ಷಿಸಲಾಗಿತ್ತೋ ಅದೇ ಬಗೆಯದನ್ನು ಬಳಸಬೇಕು. ದೂರ ಸಾಲದೆಂದು ಪೇಟೆಯಿಂದ ಉದ್ದನೆಯದೊಂದನ್ನು ತಂದು ಸಿಕ್ಕಿಸಿದರೆ ಆ ಒಪ್ಪಿಗೆ ಅಲ್ಲಿಗೇ ಮುಗಿಯಿತು. ಯುರೋಪಿನಲ್ಲಿ ಮಾಡ್ಯೂಲಿನ ವರದಿಗಳು ನೆರವಾಗುತ್ತವೆ, ಆದರೆ ಪೂರ್ಣ ಸಾಧನದ ಹೊಣೆಯನ್ನು ಅಂತಿಮ ತಯಾರಕನೇ ಹೊರಬೇಕು.

ಜಪಾನಿನ ಮಾತನ್ನು ಎರಡೇ ವಾಕ್ಯದಲ್ಲಿ ಹೇಳುವೆನು. ಅಲ್ಲಿನ ರೇಡಿಯೋ ಕಾಯಿದೆ 1950ರದು. ಅರ್ಹತೆಯ ಗುರುತು ಒಂದು ವೃತ್ತ, ಒಳಗೆ ಅಂಚೆಯ ಚಿಹ್ನೆ ಮತ್ತು ಮಿಂಚು. ಆ ಗುರುತಿಲ್ಲದ ಪ್ರೇಷಕವನ್ನು ಬಳಸಿದರೆ ಮಾರಿದವನಿಗಿಂತ ಮೊದಲು ಬಳಸಿದವನೇ ಹೊಣೆ, ಒಂದು ವರ್ಷದವರೆಗೆ ಸೆರೆ ಅಥವಾ ಹತ್ತು ಲಕ್ಷ ಯೆನ್ ವರೆಗೆ ದಂಡ. ಪ್ರವಾಸಿಗರ ವೈ-ಫೈ ಸಾಧನಗಳಿಗೆ ಮಾತ್ರ 90 ದಿನಗಳ ರಿಯಾಯಿತಿಯುಂಟು.

ಇಷ್ಟೆಲ್ಲಾ ಮೆಚ್ಚಿದ ಮೇಲೆ ಆಕ್ಷೇಪಣೆಯನ್ನೂ ಹೇಳಬೇಕು. ಒಂದೇ ಪೆಟ್ಟಿಗೆಯನ್ನು ಒಂದೇ ಬಗೆಯ ಕೋಣೆಯಲ್ಲಿ ಒಂದೇ ಬಗೆಯ ಮೇಜಿನ ಮೇಲೆ ಪ್ರತಿಯೊಂದು ದೇಶಕ್ಕಾಗಿ ಮತ್ತೆ ಮತ್ತೆ ತಿರುಗಿಸುವುದು ಏಕೆ? ಲಕ್ಷಗಟ್ಟಲೆ ದೂರವಾಣಿ ಮಾರುವ ಕಂಪನಿಗೆ ಪರೀಕ್ಷಾ ವೆಚ್ಚ ಒಂದೊಂದು ದೂರವಾಣಿಯ ಮೇಲೆ ಕೆಲವು ಪೈಸೆ. ಇನ್ನೂರು ಪೆಟ್ಟಿಗೆ ಮಾರುವವನಿಗೆ ಅದೇ ವೆಚ್ಚ ಬಂಡವಾಳವನ್ನೇ ನುಂಗುತ್ತದೆ. ನಿಯಮ ಇಬ್ಬರಿಗೂ ಸಮಾನವೆಂಬುದು ಹೇಳಲು ಚೆಂದ.

ಗಡಿನಾಡಿನವರಾದ ನಮಗೆ ಈ ಸಂಕಟ ಹೊಸದಲ್ಲ. ಇಲ್ಲಿ ಹತ್ತನೆಯ ತರಗತಿ ಮುಗಿಸಿ, ಕೂಗಳತೆಯ ದೂರದಲ್ಲಿರುವ ಕರ್ನಾಟಕದ ಕಾಲೇಜಿಗೆ ಸೇರಲು ಹೊರಟ ನಮ್ಮ ಮಕ್ಕಳು ಅರ್ಹತಾಪತ್ರಕ್ಕಾಗಿ, ತತ್ಸಮಾನ ಪತ್ರಕ್ಕಾಗಿ ಅಲೆದದ್ದನ್ನು ನಾನು ಕಂಡಿದ್ದೇನೆ. ಅದೇ ಪೈಥಾಗೊರಸನ ಪ್ರಮೇಯ, ಅದೇ ಓಮನ ನಿಯಮ. ಆದರೂ ಅತ್ತಿಬೆಲೆಯ ತಪಾಸಣಾ ಠಾಣೆ ದಾಟಿದೊಡನೆ ಆ ಅಂಕಪಟ್ಟಿಗೆ ಇನ್ನೊಂದು ಅಂಕಪಟ್ಟಿಯ ಸಾಕ್ಷಿ ಬೇಕು. ಇದಕ್ಕೆ ಪರಿಹಾರ ಪರೀಕ್ಷೆಯನ್ನೇ ತೆಗೆದುಹಾಕುವುದಲ್ಲ. ಒಬ್ಬರ ಪರೀಕ್ಷೆಯನ್ನು ಇನ್ನೊಬ್ಬರು ನಂಬುವ ಒಪ್ಪಂದ.

ಶ್ರೀಮಂತ ದೇಶಗಳು ತಮ್ಮ ತಮ್ಮಲ್ಲಿ ಅದನ್ನು ಎಂದೋ ಮಾಡಿಕೊಂಡಿವೆ. ಅಮೆರಿಕ ಮತ್ತು ಯುರೋಪ್ ಒಕ್ಕೂಟದ ಪರಸ್ಪರ ಮಾನ್ಯತೆಯ ಒಪ್ಪಂದ 1998ರಲ್ಲಿ ಆಯಿತು; ಅಮೆರಿಕ ಮತ್ತು ಜಪಾನಿನದು 2007ರಲ್ಲಿ. ನಿಯಮಗಳು ಒಂದಾಗಬೇಕಾಗಿಲ್ಲ; ನಿಮ್ಮ ನಿಯಮದಂತೆ ನಮ್ಮ ನೆಲದಲ್ಲಿಯೇ ಪರೀಕ್ಷಿಸಿ ಕೊಟ್ಟ ವರದಿಯನ್ನು ಒಪ್ಪಿಕೊಳ್ಳಿ ಎಂಬುದಷ್ಟೇ ತಿರುಳು. ನಮ್ಮ ಸರ್ಕಾರ ವ್ಯಾಪಾರ ಮಾತುಕತೆಗಳಲ್ಲಿ ಸುಂಕದ ಶೇಕಡಾವಾರಿಗೆ ಪಡುವಷ್ಟು ಹಠವನ್ನು ಇದಕ್ಕೂ ಪಡಬೇಕು. ಚೆನ್ನೈಯಲ್ಲಿ ಸಮೀರ್ ಸಂಸ್ಥೆಯ ವಿದ್ಯುತ್ಕಾಂತೀಯ ಕೇಂದ್ರವಿದೆ, ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರವಿದೆ. ನಾವಿರುವುದು ಈ ಎರಡು ನಗರಗಳ ಹೆದ್ದಾರಿಯ ಮೇಲೆಯೇ.

ಆದರೆ ಕೇಳುವವನ ಕೈ ಶುದ್ಧವಿರಬೇಕು. ಭಾರತವೂ 2012ರ ಆದೇಶದಿಂದ ಅನೇಕ ವಿದ್ಯುನ್ಮಾನ ಸರಕುಗಳಿಗೆ ಕಡ್ಡಾಯ ನೋಂದಣಿಯನ್ನು ತಂದಿದೆ. ಅದಕ್ಕೆ ಹೊರಗಿನವರು ಬಿ.ಐ.ಎಸ್. ಮಾನ್ಯತೆಯ ಪ್ರಯೋಗಾಲಯದಲ್ಲಿಯೇ ಪರೀಕ್ಷೆ ಮಾಡಿಸಬೇಕು. ತಮ್ಮೂರಿನ ವರದಿಯನ್ನು ತೋರಿಸಿದರೆ ಸಾಲದು. ದೂರಸಂಪರ್ಕ ಸಾಧನಗಳ ಕಡ್ಡಾಯ ಪರೀಕ್ಷೆ 2019ರಿಂದ ಹಂತಹಂತವಾಗಿ ಬಂದಿದೆ. ನಮ್ಮ ಬಾಗಿಲಿಗೆ ಅಗಳಿ ಹಾಕಿಕೊಂಡು ನೆರೆಯವರ ಬಾಗಿಲು ತಟ್ಟಿದರೆ ಏನೆಂದಾರು?

ಇತ್ತೀಚೆಗೆ ಈ ಕ್ಷೇತ್ರಕ್ಕೆ ರಾಜಕೀಯವೂ ಪ್ರವೇಶಿಸಿದೆಯೆಂಬುದನ್ನು ಅಲ್ಲಗಳೆಯಲಾಗದು. 2022ರ ನವೆಂಬರಿನಲ್ಲಿ ಅಮೆರಿಕದ ಆಯೋಗ ರಾಷ್ಟ್ರೀಯ ಭದ್ರತೆಯ ಕಾರಣವನ್ನು ನೀಡಿ ಹುವಾವೇ, ಝಡ್.ಟಿ.ಇ. ಮುಂತಾದ ಚೀನೀ ಸಂಸ್ಥೆಗಳ ಹೊಸ ದೂರಸಂಪರ್ಕ ಸಾಧನಗಳಿಗೆ ಒಪ್ಪಿಗೆಯನ್ನು ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ, ಎದುರಾಳಿಗಳೆಂದು ತಾನು ಗುರುತಿಸಿದ ಸರ್ಕಾರಗಳ ಹಿಡಿತದಲ್ಲಿರುವ ಪ್ರಯೋಗಾಲಯಗಳಿಗೂ ಮಾನ್ಯತೆಯಿಲ್ಲವೆಂದು ತೀರ್ಮಾನಿಸಿತು. ಗದ್ದಲವನ್ನು ಅಳೆಯುವ ಕೋಣೆಗೆ ದೇಶದೇಶಗಳ ವೈರ ಹೊಕ್ಕರೆ ಅಳತೆಗೋಲಿನ ಮೇಲಿನ ನಂಬಿಕೆಯೇ ಸಡಿಲವಾಗುತ್ತದೆಂಬ ಭಯ ನನಗಿದೆ. ಆದರೆ ಈ ತಿರುವಿನಲ್ಲಿ ನಮ್ಮ ಪ್ರಯೋಗಾಲಯಗಳಿಗೆ ಒಂದು ಅವಕಾಶವಿದೆ. ಅದನ್ನು ಬಳಸಿಕೊಳ್ಳಲು ಓದಿದ, ಅಳೆಯಬಲ್ಲ, ಸುಳ್ಳು ವರದಿ ಬರೆಯದ ಕೈಗಳು ಬೇಕು.

ಆ ಕೈಗಳು ನಮ್ಮ ಶಾಲೆಯಿಂದ ಏಕೆ ಹೋಗಬಾರದು? ಇಂದು ನಮ್ಮವರು ಬಹುಪಾಲು ಜೋಡಣೆಯ ಸಾಲಿನಲ್ಲಿ ನಿಂತಿದ್ದಾರೆ. ಅಳೆಯುವ ಕೋಣೆಯೊಳಗೆ ಕುಳಿತವರು ಬೇರೆಯವರು. ಆ ಕೋಣೆಗೆ ಬೇಕಾದ ಭೌತಶಾಸ್ತ್ರದ ಮೊದಲ ಪಾಠಗಳು ಹತ್ತನೆಯ ತರಗತಿಯ ಪುಸ್ತಕದಲ್ಲಿಯೇ ಇವೆ, ಕನ್ನಡದಲ್ಲಿಯೇ ಇವೆ. ಇಲ್ಲದಿರುವುದು ನಿಯಮಗಳ ತಿಳಿವಳಿಕೆ. ಅವು ಇಂಗ್ಲಿಷಿನ ವಕೀಲೀ ಭಾಷೆಯಲ್ಲಿವೆ, ಅದಕ್ಕಾಗಿಯೇ ಬಂಗಾರದ ಅಂಚಿನ ಏಜೆಂಟರ ವ್ಯಾಪಾರ ನಡೆಯುತ್ತಿದೆ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿಯೂ ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲಿಯೂ ನನ್ನ ವಿನಂತಿ ಇಷ್ಟೇ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಕಟ್ಟಡಕ್ಕೆ, ಕಮಾನಿಗೆ ಹೋಗಿ ಉಳಿದ ಹಣದಲ್ಲಿ ವಿಜ್ಞಾನ ಪ್ರಯೋಗಾಲಯಕ್ಕೆ ರೇಡಿಯೋ ಅಲೆಗಳನ್ನು ಅಳೆದು ತೋರಿಸುವ ಒಂದು ಚಿಕ್ಕ ಉಪಕರಣವನ್ನು ಕೊಳ್ಳಬೇಕು. ಅಂಗೈಯಗಲದ ಉಪಕರಣಗಳು ಈಗ ದೊರೆಯುತ್ತವೆ. ಈ ಮುದ್ರೆಗಳ ಅರ್ಥವನ್ನೂ ಪಡೆಯುವ ಕ್ರಮವನ್ನೂ ವಿವರಿಸುವ ಮೂವತ್ತು ಪುಟಗಳ ಕಿರುಹೊತ್ತಗೆಯೊಂದನ್ನು ಸರಳ ಕನ್ನಡದಲ್ಲಿ ಬರೆಯಿಸಬೇಕು. ಪೆಟ್ಟಿಗೆಯ ಹುಡುಗ ತನ್ನ ಪರೀಕ್ಷಾ ವರದಿಗಳನ್ನು ಕೊಡಲು ಒಪ್ಪಿದ್ದಾನೆ. ಕರಡನ್ನು ತಿದ್ದುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಮುದ್ರಣದ ವೆಚ್ಚವನ್ನು ಯಾರಾದರೂ ದಾನಿಗಳು ವಹಿಸಿಕೊಂಡರೆ ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ವೇಳೆಗೆ ಅದು ಮಕ್ಕಳ ಕೈಯಲ್ಲಿರುತ್ತದೆ.